ನಡುನೀರಿನ ಗೆರೆ

ಗವರ್ನರ್ ಲೆಮ್ಯುಯಲ್ ಹ್ಯಾಸ್ಕಿನ್ಸ್ ಅವರ ಹತ್ತಿರ ನಾನು ಹದಿನೇಳು ವರ್ಷ ಕಾರ್ಯದರ್ಶಿಯಾಗಿದ್ದೆ. ಅವರು ಜಿಲ್ಲೆಯಿಂದ ಜಿಲ್ಲೆಗೆ ಕುದುರೆಯ ಮೇಲೆ ಕೋರ್ಟು ಸುತ್ತುತ್ತಿದ್ದ ವಕೀಲರಾಗಿದ್ದಾಗ ಅರ್ಜಿ ಬರೆಯುವುದಕ್ಕೆಂದು ಸೇರಿದವನು, ಶಾಸನಸಭೆಗೆ ಹೋದಾಗಲೂ ಹಿಂದೆ ಹೋದೆ, ಕರ್ನಲ್ ಆಗಿ ಯುದ್ಧಕ್ಕೆ ಹೋದಾಗಲೂ ಹಿಂದೆ ಹೋದೆ. ಅವರು ಎಡಗಾಲು ಎಳೆದುಕೊಂಡು ವಾಪಸು ಬಂದರು. ನನಗೆ ಒಂದು ಗಾಯವೂ ಆಗಲಿಲ್ಲ, ಅದಕ್ಕೆ ಊರವರು ನನ್ನನ್ನು ಇನ್ನೂ ಕ್ಷಮಿಸಿಲ್ಲ. ಆಮೇಲೆ ಎರಡು ಸಲ ಅವರು ಗವರ್ನರ್ ಆದರು. ನನ್ನ ಹೆಸರು ಇರಾ ಕಾಟ್ರೆಲ್. ಈ ಹೆಸರು ಹೇಳಿದರೆ ನಮ್ಮ ರಾಜ್ಯದಲ್ಲಿ ಐವತ್ತು ದಾಟಿದ ಯಾರೇ ಆಗಲಿ, "ಓ, ಗಡಿ ತಪ್ಪು ಹೇಳಿದ ಗುಮಾಸ್ತ ಅಲ್ವಾ" ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ.

ಗವರ್ನರ್ ಅಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ, ಅದು ಕೈ ಕುಲುಕುವ ಕೆಲಸ. ಹೊಸ ವರ್ಷದ ದಿನ ಬಾಗಿಲು ತೆರೆದರೆ ಸಂಜೆಯವರೆಗೆ ಮೂರು ಸಾವಿರ ಜನ ಸಾಲಾಗಿ ಬಂದು ಅವರ ಬಲಗೈ ಹಿಂಡಿ ಹೋಗುತ್ತಿದ್ದರು. ಅದು ಮುಗಿದ ಮೇಲೆ ನಾನು ಬೇಸಿನ್ನಿನಲ್ಲಿ ಬಿಸಿನೀರು, ಉಪ್ಪು ಹಾಕಿ ತರುತ್ತಿದ್ದೆ, ಅವರು ಕೈ ಅದ್ದಿಕೊಂಡು ಕಣ್ಣು ಮುಚ್ಚುತ್ತಿದ್ದರು. ಉಳಿದ ದಿನಗಳಲ್ಲಿ ಕೆಲಸ ಕೇಳಿಕೊಂಡು ಬರುವವರು. ಒಬ್ಬನಿಗೆ ಸೀಮೆಎಣ್ಣೆ ಪರೀಕ್ಷಕನಾಗಬೇಕು, ಇನ್ನೊಬ್ಬನ ಅಳಿಯನಿಗೆ ಕಾಲುವೆಯ ಬಾಗಿಲು ಕಾಯುವ ಕೆಲಸ ಬೇಕು, ಕಾಲುವೆ ಬತ್ತಿ ನಾಲ್ಕು ವರ್ಷವಾಗಿದ್ದರೂ ಬೇಕು. ಕೊಟ್ಟರೆ ಒಬ್ಬನಿಗೆ ಖುಷಿ, ಹತ್ತು ಜನರಿಗೆ ಹೊಟ್ಟೆಯುರಿ. ಅಧಿಕಾರಕ್ಕೆ ಬಂದ ಮೊದಲ ವರ್ಷ ಅವರ ಸಹಿಯಲ್ಲಿ ಹೆಸರಿನ ಒಂದೊಂದು ಅಕ್ಷರವೂ ಓದುವಂತಿತ್ತು. ಏಳನೆಯ ವರ್ಷಕ್ಕೆ ಒಂದು ಅಕ್ಷರ, ಒಂದು ಎಳೆ, ಅಷ್ಟೇ.

ಅವರಿಗೆ ಸಾಕಾಗಿತ್ತು. ಆದರೂ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಕೂತಿದ್ದರು. ರಾಜ್ಯದ ಸೆರೆಮನೆಯಲ್ಲಿದ್ದ ಇನ್ನೂರ ಹನ್ನೆರಡು ಜನರನ್ನು ದಕ್ಷಿಣದ ಕಲ್ಲಿದ್ದಲು ಗಣಿಗಳಿಗೆ ಗುತ್ತಿಗೆ ಕೊಡುವ ಮಸೂದೆಯೊಂದು ಎರಡೂ ಸಭೆಗಳಲ್ಲಿ ಪಾಸಾಗಿ ಅವರ ಮೇಜಿಗೆ ಬಂದಿತ್ತು. ಪಕ್ಕದ ರಾಜ್ಯವೊಂದರಲ್ಲಿ ಹಾಗೆ ಕೊಟ್ಟು ಎರಡು ವರ್ಷದಲ್ಲಿ ಮೂವರಲ್ಲಿ ಒಬ್ಬ ಸತ್ತಿದ್ದ. ಗವರ್ನರ್ ಅದಕ್ಕೆ ಸಹಿ ಹಾಕುವವರಲ್ಲ. ಯಾಕೆಂದರೆ ಅವರು ಹುಟ್ಟಿದ್ದೇ ಜೈಲಿನ ಮನೆಯಲ್ಲಿ. ಅವರಪ್ಪ ಜಿಲ್ಲೆಯ ಪೊಲೀಸು, ಜೈಲು ಎರಡನ್ನೂ ನೋಡಿಕೊಳ್ಳುವ ಷೆರೀಫ್. ಕಟ್ಟಡದ ಮುಂದೆ ಸಂಸಾರ, ಹಿಂದೆ ಸೆರೆಯಾಳುಗಳು. ಷೆರೀಫನ ಹೆಂಡತಿಯೇ ಕೈದಿಗಳಿಗೆ ಅಡುಗೆ ಮಾಡಿ ಹಾಕುವುದು ನಮ್ಮ ಕಡೆಯ ಪದ್ಧತಿ. ಇವರ ತಾಯಿ ಬೇಗ ಹೋದರು, ಹದಿಮೂರು ವರ್ಷದ ಅಕ್ಕ ಡಾರ್ಕಸ್ ಸೌಟು ಹಿಡಿದಳು. ಕಳ್ಳನಾಗಲಿ, ಕೊಲೆಗಡುಕನಾಗಲಿ, ತಟ್ಟೆ ಹಿಡಿದು ಬಂದವನಿಗೆ ಆಕೆ ಹೆಸರು ಹಿಡಿದು ಬಡಿಸುತ್ತಿದ್ದಳಂತೆ. ತಮ್ಮನನ್ನು ಸಾಕಿದ್ದೂ ಆಕೆಯೇ. ಮದುವೆಯಾಗಿ ನಮ್ಮ ಗಡಿಯ ಓಹಾಯೋ ನದಿಯ ಆಚೆ, ಕೆಂಟಕಿ ರಾಜ್ಯದ ದಡದಲ್ಲಿದ್ದಳು, ಮನೆಯವರದು ಜನರನ್ನು ನದಿ ದಾಟಿಸುವ ದೋಣಿಯ ಕಸುಬು.

ಆ ಮಸೂದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗವರ್ನರ್ ಅದನ್ನು ಒಲ್ಲೆ ಎಂದು ತಿರುಗಿಸಿ ಕಳಿಸಿದ್ದರೆ ಸಭೆಯವರು ಮತ್ತೆ ವೋಟು ಹಾಕಿ ಕಾನೂನು ಮಾಡಿಬಿಡುತ್ತಿದ್ದರು, ಅಷ್ಟು ಜನ ಅವರ ಹತ್ತಿರ ಇದ್ದರು. ಆದರೆ ಅಧಿವೇಶನ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ಸಹಿಯನ್ನೂ ಹಾಕದೆ, ತಿರುಗಿಸಿಯೂ ಕಳಿಸದೆ ಸುಮ್ಮನೆ ಇಟ್ಟುಕೊಂಡರೆ ಮಸೂದೆ ತಾನಾಗಿ ಸಾಯುತ್ತದೆ. ಏನೂ ಮಾಡದೆ ಕೂರುವುದೇ ಕೆಲಸ. ದಣಿದವರಿಗೆ ಹೇಳಿ ಮಾಡಿಸಿದ ಕೆಲಸ ಅಂತ ನಾನು ತಮಾಷೆ ಮಾಡಿದ್ದೆ.

ಒಂದೇ ಒಂದು ತೊಡಕು. ಗವರ್ನರ್ ರಾಜ್ಯದ ಗಡಿ ದಾಟಿದರೆ, ಒಂದು ಗಂಟೆಗಾದರೂ ಸರಿ, ಅವರ ಅಧಿಕಾರವೆಲ್ಲ ಉಪಗವರ್ನರ್ ಕೈಗೆ ಹೋಗುತ್ತದೆ. ಅದು ನಮ್ಮ ಸಂವಿಧಾನದಲ್ಲಿ ಬರೆದಿರುವ ಮಾತು. ಉಪಗವರ್ನರ್ ಗಿಡಿಯನ್ ಪ್ರಾಟರ್ ನಮ್ಮ ಪಕ್ಷದವರೇ, ಆದ್ದರಿಂದಲೇ ಹೆಚ್ಚು ಅಪಾಯ. ಗಣಿಯವರನ್ನು ಸಮಾಧಾನ ಮಾಡುವುದಕ್ಕೆ ಪಕ್ಷ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿತ್ತು. ಮಸೂದೆಗೆ ಸಹಿ ಹಾಕಲು ಅವರ ಕೈ ತುರಿಸುತ್ತಿತ್ತು.

ಮಂಗಳವಾರ ತಂತಿ ಬಂತು. ಡಾರ್ಕಸಳ ಮಗ ಜೂಬಲ್ ಕಳಿಸಿದ್ದು. ಅಮ್ಮ ಶನಿವಾರದವರೆಗೆ ಇರುವುದಿಲ್ಲ, ಮಾವನನ್ನು ಕೇಳುತ್ತಿದ್ದಾಳೆ.

ಗವರ್ನರ್ ಅದನ್ನು ಓದಿ ಮೇಜಿನ ಮೇಲೆ ಮಸೂದೆಯ ಪಕ್ಕದಲ್ಲಿಟ್ಟರು. ಎರಡನ್ನೂ ನೋಡುತ್ತ ಕೂತರು.

"ಒಂದು ದಿನ ತಡೆದು ಸಾಯೋದಕ್ಕೆ ಅವಳಿಗೆ ಹೇಳೋಕಾಗುತ್ತಾ ಇರಾ?" ಅಂದರು.

ನಾನು ಉತ್ತರದ ಬಯಲಿನವನು, ನದಿಯ ವ್ಯವಹಾರ ಗೊತ್ತಿಲ್ಲದವನು. ಗೊತ್ತಿಲ್ಲದವನಿಗೆ ಧೈರ್ಯ ಜಾಸ್ತಿ. ಗೋಡೆಯಲ್ಲಿ ತೂಗುಹಾಕಿದ್ದ ರಾಜ್ಯದ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟೆ.

"ಸಾರ್, ಗಡಿ ನದಿಯ ನಡುವೆ ಹೋಗುತ್ತೆ, ನೋಡಿ, ಗೆರೆ ಇಲ್ಲಿದೆ. ನೀವು ಆಚೆ ದಡಕ್ಕೆ ಹೋಗೋದು ಬೇಡ. ಅವರ ದೋಣಿಯೇ ಇದೆಯಲ್ಲ. ಅಕ್ಕನನ್ನ ದೋಣಿಯಲ್ಲಿ ಮಲಗಿಸಿಕೊಂಡು ನಡುನೀರಿನಿಂದ ಈಚೆಗೆ ತರಲಿ. ನಾವು ಈ ದಡದಿಂದ ಹೋಗಿ ಹತ್ತೋಣ. ನೀವು ನಮ್ಮ ರಾಜ್ಯದಲ್ಲೇ ಇದ್ದ ಹಾಗಾಯ್ತು, ಅಕ್ಕನನ್ನೂ ನೋಡಿದ ಹಾಗಾಯ್ತು."

ಅವರು ಎದ್ದು ಕಾಲೆಳೆದುಕೊಂಡು ನಕ್ಷೆಯ ಮುಂದೆ ಬಂದರು. ಬಹಳ ಹೊತ್ತು ನೋಡಿದರು.

"ಗೆರೆ ಅಲ್ಲೇ ಇದೆ ಅಂತೀಯಾ?"

"ಎದುರಿಗೇ ಇದೆಯಲ್ಲ ಸಾರ್."

"ನೀನೇ ಹೇಳ್ತಿದ್ದೀಯ ಅಂದ್ಮೇಲೆ ಸರಿ," ಅಂದರು. ಹದಿನೇಳು ವರ್ಷದಲ್ಲಿ ನನ್ನ ಮಾತನ್ನು ಅವರು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಆಗ ನಾನು ಹೆಮ್ಮೆಪಟ್ಟೆ.

ಬುಧವಾರ ರೈಲು ಹತ್ತುವಾಗ ಪ್ರಾಟರ್ ಸ್ಟೇಷನ್ನಿಗೇ ಬಂದಿದ್ದರು. ಹಲ್ಲು ಬಿಟ್ಟುಕೊಂಡು ಗವರ್ನರ್ ಕೈ ಹಿಡಿದರು. "ಅಕ್ಕನವರಿಗೆ ನಾನು ಕೇಳಿದೆ ಅಂತ ಹೇಳಿ. ನದಿ ಮೇಲೆ ಗಾಳಿ ಜೋರು. ಜಾಸ್ತಿ ದೂರ ಹೋಗಬೇಡಿ ಮತ್ತೆ."

"ನೀವು ಬೆಚ್ಚಗಿರಿ," ಅಂದರು ಗವರ್ನರ್. ಪ್ರಾಟರ್ ಪಕ್ಕದಲ್ಲಿ ನಿಂತಿದ್ದ ತೆಳ್ಳಗಿನ ಮನುಷ್ಯ ನಮ್ಮ ಹಿಂದಿನ ಡಬ್ಬಿಯನ್ನು ಹತ್ತಿದ. ಅವನು ಯಾಕೆ ಬರುತ್ತಿದ್ದಾನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ನದಿಗೆ ಬಂದೆವು. ಮಾರ್ಚ್ ತಿಂಗಳು, ಮಣ್ಣುಬಣ್ಣದ ನೀರು, ಮೋಡ. ಜನವರಿಯ ಮಂಜುಗಡ್ಡೆ ನಮ್ಮ ಕಡೆಯ ದೋಣಿಕಟ್ಟೆಯನ್ನು ಕಿತ್ತುಕೊಂಡು ಹೋಗಿದ್ದರಿಂದ, ಜೂಬಲನ ಹಬೆಯ ದೊಡ್ಡ ದೋಣಿ ಈ ದಡಕ್ಕೆ ತಾಗುವಂತಿರಲಿಲ್ಲ. ಸಣ್ಣ ಹುಟ್ಟುದೋಣಿಯಲ್ಲಿ ಹೋಗಿ ಅದಕ್ಕೆ ಹತ್ತಬೇಕು. ಜೂಬಲ್ ಲಂಗರು ಹಾಕುವಾಗ ನಾನು ದಡದಿಂದಲೇ ಕೈಬೀಸಿ ಕೂಗಿ ಕೂಗಿ ದೋಣಿಯನ್ನು ಈಚೆಗೆ ತರಿಸಿದೆ. ಎರಡೂ ದಡ ನೋಡಿ ಕಣ್ಣಳತೆ ಹಾಕಿದೆ. ನಡುವಿನಿಂದ ಈಚೆಗೆ ಇನ್ನೂರು ಗಜ ಇರುವಂತೆ ನೋಡಿಕೊಂಡೆ. ಹತ್ತಿದ ಮೇಲೂ ಇನ್ನೊಂದು ಸ್ವಲ್ಪ ಈಚೆ ಅಂದೆ.

ಜೂಬಲ್ ನಲವತ್ತರ ಗಂಡಸು, ಹೊಗೆಸೊಪ್ಪು ಜಗಿಯುತ್ತಿದ್ದವನು ನೀರಿಗೆ ಉಗಿದ. "ಏನ್ ಸ್ವಾಮಿ, ನೀರಿಗೆ ಬೇಲಿ ಹಾಕ್ತಿದ್ದೀರಾ?"

"ನಿಂಗೆ ಯಾಕೆ, ಹೇಳಿದಷ್ಟು ಮಾಡು," ಅಂದೆ. ಅವನಿಗೆ ಕಾರಣ ಹೇಳಿದ್ದರೆ ಆ ಕ್ಷಣವೇ ಎಲ್ಲ ತಿಳಿಯುತ್ತಿತ್ತು. ರಾಜಧಾನಿಯವರ ಜಂಭ, ಹೇಳಲಿಲ್ಲ.

ಒಳಗೆ ಸಣ್ಣ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಡಾರ್ಕಸ್ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದಳು. ಕಾಲಿಗೆಲ್ಲ ನೀರು ತುಂಬಿ ಊದಿಕೊಂಡಿತ್ತು, ಮುಖ ಮಾತ್ರ ಸಣ್ಣದಾಗಿತ್ತು. ಗವರ್ನರ್ ಬಾಗಿಲಲ್ಲಿ ಟೋಪಿ ತೆಗೆದು ನಿಂತರು.

"ಬಂದ್ಯೇನೋ ಲೆಮ್. ಇದೇನೋ ಇಷ್ಟು ಮುದುಕ ಆಗಿದ್ದೀಯ."

"ನಿನಗಿಂತ ಏಳು ವರ್ಷ ಚಿಕ್ಕವನು ಅಕ್ಕ."

"ನೋಡಿದ್ರೆ ಹಾಗೆ ಕಾಣಲ್ಲ. ಆ ಕೆಲಸ ಬಿಡೋ ಅಂದ್ರೆ ಬಿಡಲ್ಲ. ಕೈ ತೋರ್ಸು. ಎಷ್ಟು ಊದಿದೆ ನೋಡು. ಮೂವತ್ತು ಜನಕ್ಕೆ ನಾದಿ ಬೇಯಿಸಿದಾಗಲೂ ನನ್ನ ಕೈ ಹೀಗಾಗಿರಲಿಲ್ಲ."

ಅವರು ಹಾಸಿಗೆಯ ಪಕ್ಕ ಕೂತು ಕೈ ಕೊಟ್ಟರು. ಆಕೆ ಅದನ್ನು ಎರಡೂ ಕೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ನೀವತೊಡಗಿದಳು. ಜೂಬಲ್ ಕಾಫಿ, ಮೆಕ್ಕೆಜೋಳದ ರೊಟ್ಟಿ, ಹಂದಿಮಾಂಸದ ಹೋಳುಗಳನ್ನು ತಂದಿಟ್ಟ. ಅಕ್ಕ ತಮ್ಮ ಹಳೆಯ ಸುದ್ದಿ ಆಡಿದರು. ಜೈಲಿನಲ್ಲಿದ್ದ ಒಬ್ಬ ಕುದುರೆ ಕಳ್ಳ ಪಿಟೀಲು ಬಾರಿಸಿ ಆಕೆಗೆ ಮದುವೆಯ ಪ್ರಸ್ತಾಪ ಮಾಡಿದ್ದನಂತೆ. ಬಿಡುಗಡೆಯಾದ ದಿನ ಅವರಪ್ಪನ ಕುದುರೆಯನ್ನೇ ಕದ್ದು ಹೋದನಂತೆ. ಗವರ್ನರ್ ನಕ್ಕರು. ಅವರು ಬಾಯಿಬಿಟ್ಟು ನಕ್ಕಿದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

"ಅಂತೂ ನಾನು ಸಾಯೋ ಹೊತ್ತಿಗಾದ್ರೂ ನಮ್ಮ ಕೆಂಟಕಿಗೆ ಕಾಲಿಟ್ಟೆಯಲ್ಲ," ಅಂದಳು ಡಾರ್ಕಸ್.

ನಾನು ಸುಮ್ಮನಿರಬಾರದೆ? ಬಾಗಿಲ ಹತ್ತಿರದಿಂದ ಹೇಳಿದೆ, "ಇಲ್ಲಮ್ಮ, ನಾವಿನ್ನೂ ನಮ್ಮ ರಾಜ್ಯದಲ್ಲೇ ಇದ್ದೀವಿ. ನಡುನೀರು ದಾಟಿಲ್ಲ."

ಆಕೆ ನನ್ನನ್ನು ನೋಡಿದಳು. ಆಮೇಲೆ ನಗತೊಡಗಿದಳು, ಕೆಮ್ಮು ಬರುವಷ್ಟು. "ಯಾರಪ್ಪಾ ಇವನು? ಈ ನದಿ ಪೂರ್ತಿ ಕೆಂಟಕಿದು ಕಣಪ್ಪ. ನಿಮ್ಮ ಕಡೆ ದಡದಲ್ಲಿ ನೀರು ತಗ್ಗಿದಾಗ ಎಲ್ಲಿವರೆಗೆ ಇರುತ್ತೋ ಅಲ್ಲಿವರೆಗೂ ನಮ್ದೇ. ನೀನು ಸಣ್ಣ ದೋಣಿಗೆ ಕಾಲಿಟ್ಟಾಗಲೇ ನಮ್ಮಲ್ಲಿಗೆ ಬಂದೆ. ಲೆಮ್, ಇವನಿಗೆ ನಿನ್ನ ಮೊದಲನೇ ಕೇಸು ಹೇಳಿಲ್ವೇನೋ?"

ಗವರ್ನರ್ ರೊಟ್ಟಿ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮನೆಯವರು ನಿಮ್ಮ ಜಿಲ್ಲೆಯ ಲೈಸೆನ್ಸ್ ತಗೊಂಡು ದೋಣಿ ನಡೆಸ್ತಿದ್ರು," ಅಂತ ಆಕೆ ನನಗೇ ಹೇಳಿದಳು. "ಕೆಂಟಕಿಯವರು ನದಿ ನಮ್ದು ಅಂತ ಕೋರ್ಟಿಗೆ ಹೋದ್ರು. ಇವನು ಆಗ ತಾನೇ ವಕೀಲ ಆಗಿದ್ದ, ಭಾವನ ಪರ ನಿಂತ. ಅರ್ಧ ನದಿ ನಮ್ದು, ಅರ್ಧ ನದಿ ನಮ್ದು ಅಂತ ಎರಡು ದಿನ ಕಿರುಚಿದ. ಸೋತ. ಅದಕ್ಕೇ ಅಲ್ವಾ ನಾವು ಮನೆ ಮಠ ಕಟ್ಟಿಕೊಂಡು ಆಚೆ ದಡಕ್ಕೆ ಹೋಗಿದ್ದು. ಸೋತ ಕೇಸು ಇವನು ಯಾರಿಗೂ ಹೇಳಲ್ಲ, ಬಡಾಯಿಗಾರ."

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ನಕ್ಷೆಯ ಮುಂದೆ ಅವರು ಅಷ್ಟು ಹೊತ್ತು ಯಾಕೆ ನಿಂತಿದ್ದರು ಅನ್ನುವುದು ಆಗ ತಿಳಿಯಿತು.

"ಸಾರ್," ಅಂದೆ.

ಅವರು ನನ್ನ ಕಡೆ ನೋಡಿದರು. ಬೈಗುಳ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ, ಕಣ್ಣಲ್ಲಿ ಬರೀ ದಣಿವು. "ಇರಾ, ಆ ಕಂಬಳಿ ಎತ್ತಿ ಕೊಡು. ಅಕ್ಕನಿಗೆ ಚಳಿ ಆಗ್ತಿದೆ."

ಎತ್ತಿ ಕೊಟ್ಟೆ. ಹೊರಗೆ ಬಂದೆ.

ಸಣ್ಣ ದೋಣಿ ಪಕ್ಕದಲ್ಲೇ ಕಟ್ಟಿತ್ತು. ದಡಕ್ಕೆ ಇಪ್ಪತ್ತು ನಿಮಿಷ, ದಡ ಹತ್ತಿದರೆ ಅಧಿಕಾರ ವಾಪಸು. ಪ್ರಾಟರ್ ಕಳಿಸಿದ್ದ ತೆಳ್ಳಗಿನವನು ದಡದ ಮೇಲೆ ನಿಂತಿದ್ದುದು ಕಾಣುತ್ತಿತ್ತು, ಅವನ ಹಿಂದೆ ತಂತಿ ಆಫೀಸಿನ ಕಂಬ. ಒಳಗೆ ಹೋಗಿ, "ಸಾರ್, ಏಳಿ, ಇನ್ನೂರ ಹನ್ನೆರಡು ಜನ," ಅಂತ ಅಂದಿದ್ದರೆ ಅವರು ಏಳುತ್ತಿದ್ದರು. ಅದರಲ್ಲಿ ನನಗೆ ಅನುಮಾನವಿಲ್ಲ. ಅವರನ್ನು ಎಬ್ಬಿಸುವುದೇ ಹದಿನೇಳು ವರ್ಷದಿಂದ ನನ್ನ ಕೆಲಸವಾಗಿತ್ತು. ಮೀಟಿಂಗಿಗೆ ಎಬ್ಬಿಸಿದ್ದೇನೆ, ಊಟದ ಮಧ್ಯೆ ಎಬ್ಬಿಸಿದ್ದೇನೆ, ಹೆಂಡತಿಯ ಹೆಣದ ಪಕ್ಕದಿಂದಲೂ ಒಂದು ಸಹಿಗಾಗಿ ಎಬ್ಬಿಸಿದ್ದೇನೆ. ಅವತ್ತು ನನ್ನ ಕಾಲೇಳಲಿಲ್ಲ. ಹಗ್ಗದ ಸುರುಳಿಯ ಮೇಲೆ ಕೂತೆ. ಒಳಗಿನಿಂದ ಆ ಮುದುಕಿ ನಗುವುದು ಕೇಳಿಸುತ್ತಿತ್ತು, ಅದಕ್ಕೆ ಅವರು ಏನೋ ಹೇಳುವುದು ಕೇಳಿಸುತ್ತಿತ್ತು. ಇಬ್ಬರು ಮುದುಕರು ಎರಡು ಗಂಟೆ ಮಾತಾಡಿಕೊಳ್ಳಲಿ ಬಿಡು ಅನ್ನಿಸಿತು. ಕರುಣೆ ಅಂತ ಹೆಸರಿಟ್ಟುಕೊಂಡೆ. ಅರ್ಧ ಕರುಣೆ, ಅರ್ಧ ಸೋಮಾರಿತನ.

ಹೊರಟಾಗ ಎರಡೂವರೆ ಆಗಿತ್ತು. ಗವರ್ನರ್ ಅಕ್ಕನ ಹಣೆಗೆ ಮುತ್ತಿಟ್ಟರು. "ಸರಿ ಹೋಗು, ನಿನ್ನ ಜನ ಕಾಯ್ತಿರ್ತಾರೆ," ಅಂದಳು ಆಕೆ. ಮಾರನೆಯ ಬೆಳಿಗ್ಗೆ ತೀರಿಕೊಂಡಳು.

ದಡದಲ್ಲಿ ತೆಳ್ಳಗಿನವನ ಜೊತೆ ಮೂವರು ಪತ್ರಿಕೆಯವರು ಸೇರಿದ್ದರು. ಅವರ ಕೈಯಲ್ಲಿ ತಂತಿ. ಹಂಗಾಮಿ ಗವರ್ನರ್ ಪ್ರಾಟರ್ ಮಸೂದೆಗೆ ಎರಡು ಗಂಟೆ ಹತ್ತು ನಿಮಿಷಕ್ಕೆ ಸಹಿ ಹಾಕಿದ್ದರು. ಅವರಿಗೂ ಮೊದಲು ಧೈರ್ಯ ಬಂದಿರಲಿಲ್ಲವಂತೆ. ಗಡಿಯ ವಿಷಯ ಹಳೇ ಜಡ್ಜೊಬ್ಬರನ್ನು ಕೇಳಿ, ಗವರ್ನರ್ ಇನ್ನೂ ದೋಣಿಯಲ್ಲೇ ಇದ್ದಾರೆಯೇ ಎಂದು ಮೂರು ಸಲ ತಂತಿ ಕೊಟ್ಟು ವಿಚಾರಿಸಿ, ಆಮೇಲೆ ಹಾಕಿದ್ದು. ಒಂದೂವರೆಯೊಳಗೆ ನಾವು ದಡ ಹತ್ತಿದ್ದರೆ ಆ ಲೇಖನಿ ಮೇಲೇಳುತ್ತಿರಲಿಲ್ಲ.

"ಗವರ್ನರ್, ಗಡಿ ಈ ದಡದಲ್ಲೇ ಇದೆ ಅಂತ ನಿಮಗೆ ಗೊತ್ತಿರಲಿಲ್ಲವಾ?" ಅಂತ ಕೇಳಿದ ಒಬ್ಬ.

ಅವರು ಮಾತಾಡಲಿಲ್ಲ. ಕಾಲಿನಿಂದ ಕೆಸರು ಕೆರೆಯುತ್ತ ನಿಂತರು. ಆ ಮೌನ ಎಷ್ಟು ಹೊತ್ತು ನಡೆಯುತ್ತಿತ್ತೋ, ನನಗೆ ತಡೆಯಲಾಗಲಿಲ್ಲ.

"ನಡುನೀರು ಅಂತ ಹೇಳಿದ್ದು ನಾನು," ಅಂದೆ. "ನಕ್ಷೆ ನೋಡಿ ಹೇಳ್ದೆ. ತಪ್ಪು ನಂದು."

ಪೆನ್ಸಿಲ್‌ಗಳು ಓಡಿದವು. ಗವರ್ನರ್ ಆ ಊದಿದ ಬಲಗೈಯನ್ನು ನನ್ನ ಭುಜದ ಮೇಲಿಟ್ಟರು. "ಮನುಷ್ಯ ಅಂದ್ಮೇಲೆ ತಪ್ಪು ಆಗುತ್ತೆ. ಇವನನ್ನ ನಾನು ಕ್ಷಮಿಸಿದ್ದೀನಿ. ನೀವೂ ಜಾಸ್ತಿ ಬರೀಬೇಡಿ."

ಜಾಸ್ತಿಯೇ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವಾಪಸು ಬರುವ ರೈಲಿನಲ್ಲಿ ನಾನೇ ಕೇಳಿದೆ. "ಗೊತ್ತಿದ್ದೂ ಯಾಕೆ ಹತ್ತಿದ್ರಿ ಸಾರ್?"

"ಸಾಕಾಗಿತ್ತು ಇರಾ. ಹೋದ್ರೆ ಹೋಗಲಿ ಅನ್ನಿಸ್ತು. ಆದ್ರೆ ನಾನೇ ಕೈಬಿಟ್ಟೆ ಅನ್ನೋ ಹೆಸರು ಬೇಡ ಅಂತಲೂ ಅನ್ನಿಸ್ತು. ಅಷ್ಟು ಹೊತ್ತಿಗೆ ನೀನು ನಕ್ಷೆ ತೋರಿಸ್ದೆ." ಆಮೇಲೆ ಅವರು ಕೇಳಿದರು, "ಗೊತ್ತಾದ ಮೇಲೆ ನೀನು ಯಾಕೆ ಸುಮ್ಮನಿದ್ದೆ?"

"ನಂಗೂ ಸಾಕಾಗಿತ್ತು ಸಾರ್."

ಅವರು ತಲೆಯಾಡಿಸಿದರು. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಸಮಾನರಾಗಿ ಮಾತಾಡಿದ್ದು ಅದೊಂದೇ ಸಲ.

ಏಪ್ರಿಲ್ ಎರಡನೆಯ ವಾರ ಗವರ್ನರ್ ಯಾವುದೋ ಸೇತುವೆಯ ಉದ್ಘಾಟನೆಗೆ ಹೊರಟಿದ್ದರು. ರಾಜಧಾನಿಯ ಸ್ಟೇಷನ್ನಿನಲ್ಲಿ ಎದುರಿನ ಹಳಿಯ ಮೇಲೆ ಸರಕಿನ ಡಬ್ಬಿಗಳಿಗೆ ಮೊದಲ ನಲವತ್ತು ಜನರನ್ನು ಹತ್ತಿಸುತ್ತಿದ್ದರು. ಪಟ್ಟೆಬಟ್ಟೆ, ಇಬ್ಬಿಬ್ಬರಿಗೆ ಒಂದು ಸರಪಳಿ. ನಾನು ಗವರ್ನರನ್ನು ಕಂಬದ ಆಚೆಯಿಂದ ಕರೆದುಕೊಂಡು ಹೋಗಲು ನೋಡಿದೆ. ಅವರು ನಿಂತುಬಿಟ್ಟರು.

ಸಾಲಿನಲ್ಲಿದ್ದ ಒಬ್ಬ ಅವರನ್ನು ಗುರುತಿಸಿದ. ನನ್ನ ವಯಸ್ಸಿನವನು, ಕೆಂಪು ಗಡ್ಡ, ಒಂದು ಕಣ್ಣು ಅರ್ಧ ಮುಚ್ಚಿತ್ತು. ಸರಪಳಿ ಎಳೆದುಕೊಂಡೇ ಟೋಪಿ ತೆಗೆದ.

"ಪೇಪರಿನಲ್ಲಿ ಓದಿದ್ವಿ ಗವರ್ನರ್. ನೀವು ನಮಗೋಸ್ಕರ ಎಷ್ಟು ಒದ್ದಾಡಿದ್ರಿ ಅಂತ ಗೊತ್ತು. ನಿಮ್ಮ ತಪ್ಪಲ್ಲ. ದೇವರು ನಿಮ್ಮನ್ನ ಚೆನ್ನಾಗಿಡಲಿ."

ಗವರ್ನರ್ ತುಟಿ ಅಲುಗಿತು. ಈಗ ಹೇಳುತ್ತಾರೆ ಅಂದುಕೊಂಡೆ. ಹೇಳಲಿ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಹೇಳಿದರೆ ನನ್ನ ಹೆಸರು ಉಳಿಯುತ್ತದೆ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕೆಂಪು ಗಡ್ಡದವನು ನನ್ನ ಕಡೆ ತಿರುಗಿದ. "ಇವನೇನಾ ಆ ಗುಮಾಸ್ತ?"

"ಹೌದು," ಅಂದರು ಗವರ್ನರ್. "ಬೈಬೇಡ ಅವನನ್ನ. ಒಳ್ಳೆ ಮನುಷ್ಯ. ಕ್ಷಮಿಸಿಬಿಡು."

ನಾನು ಟೋಪಿ ತೆಗೆದು ಅವನ ಎದುರು ನಿಂತೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕಾವಲಿನವನು ಬೆನ್ನಿಗೆ ತಿವಿಯುವವರೆಗೂ ಅಲ್ಲಾಡಲಿಲ್ಲ. ಆಮೇಲೆ ನನ್ನ ಬೂಟಿನ ಮೇಲೆ ಉಗಿದು ಡಬ್ಬಿ ಹತ್ತಿದ.

ಆ ವರ್ಷ ನನಗೆ ಸಿಕ್ಕಿದ್ದರಲ್ಲಿ ನ್ಯಾಯವಾದದ್ದು ಅದೊಂದೇ. ನಾನು ಅದನ್ನು ಒರೆಸಿಕೊಳ್ಳಲಿಲ್ಲ.